ಕೇಬಲ್ ಕಿತ್ತರೆ ಬೀಳುವ ರೋಬೋಟ್: ಒಬ್ಬರೇ ಮಾಡುವ ಮೆಕಾಟ್ರಾನಿಕ್ಸ್ ಪ್ರಾಜೆಕ್ಟಿಗೆ ದೋಷ ನಿವಾರಣೆ ಕೈಪಿಡಿ

ಲ್ಯಾಪ್‌ಟಾಪಿನ ಯುಎಸ್‌ಬಿ ಕೇಬಲ್ ಸಿಕ್ಕಿಸಿದ್ದಾಗ ರೋಬೋಟ್ ನೆಟ್ಟಗೆ ನಿಲ್ಲುತ್ತಿತ್ತು. ಕೇಬಲ್ ಕಿತ್ತರೆ ನಾಲ್ಕೈದು ಸೆಕೆಂಡ್ ತೂಗಾಡಿ ಮುಗ್ಗರಿಸುತ್ತಿತ್ತು. ಅಂತಿಮ ವರ್ಷದಲ್ಲಿ ನಾನು ಒಬ್ಬಳೇ ಮಾಡಿದ ಎರಡು ಚಕ್ರದ ಬ್ಯಾಲೆನ್ಸಿಂಗ್ ರೋಬೋಟ್ ಅದು. ಈ ಒಂದು ದೋಷದ ಹಿಂದೆ ಹನ್ನೊಂದು ದಿನ ಹೋಯಿತು. ಆ ಹನ್ನೊಂದರಲ್ಲಿ ಒಂಬತ್ತು ದಿನ ನಾನು ಪಿಐಡಿ (ವಾಲಿಕೆ ನೋಡಿ ಮೋಟರಿಗೆ ಎಷ್ಟು ಬಲ ಕೊಡಬೇಕೆಂದು ಲೆಕ್ಕ ಹಾಕುವ ಕೋಡ್) ಸಂಖ್ಯೆಗಳನ್ನು ತಿದ್ದುತ್ತ ಕೂತಿದ್ದೆ. ದೋಷ ಇದ್ದದ್ದು ಬ್ಯಾಟರಿ ಹೋಲ್ಡರಿನ ಸ್ಪ್ರಿಂಗಿನಲ್ಲಿ.

ನಿಮ್ಮ ಯಂತ್ರ ಬೇರೆ ಇರಬಹುದು. ರೋಬೋಟ್ ತೋಳು, ಲೈನ್ ಫಾಲೋವರ್, ಚೆಂಡು ಉರುಳಿಸಿ ನಿಲ್ಲಿಸುವ ಹಲಗೆ, ಏನೇ ಆಗಲಿ ದೋಷ ಹುಡುಕುವ ದಾರಿ ಹೆಚ್ಚುಕಡಿಮೆ ಒಂದೇ. ಮೆಕ್ಯಾನಿಸಂ ಮತ್ತು ಎಲೆಕ್ಟ್ರಾನಿಕ್ಸ್ ಎಂಬ ಎರಡು ಪದಗಳನ್ನು ಹೊಲಿದು 1969ರಲ್ಲಿ ಜಪಾನಿನ ಯಾಸ್ಕಾವಾ ಕಂಪನಿಯ ಎಂಜಿನಿಯರ್ ಟೆಟ್ಸುರೊ ಮೋರಿ ಈ ವಿಷಯಕ್ಕೆ ಮೆಕಾಟ್ರಾನಿಕ್ಸ್ ಎಂಬ ಹೆಸರು ಕೊಟ್ಟರು. ದೋಷಗಳು ಹುಟ್ಟುವುದೂ ಜಾಸ್ತಿ ಆ ಹೊಲಿಗೆಯ ಜಾಗದಲ್ಲೇ. ಮೋಟರ್ ಎಳೆದ ಕರೆಂಟ್ ಸೆನ್ಸರನ್ನು ಕೆಡಿಸುತ್ತದೆ. ಸಡಿಲ ಸ್ಕ್ರೂ ಕೋಡಿನ ತಪ್ಪಿನ ಹಾಗೆ ಕಾಣುತ್ತದೆ. ಕೋಡಿನ ತಪ್ಪು ಗೇರ್ ಸವೆದ ಹಾಗೆ ಕಾಣುತ್ತದೆ. ಒಬ್ಬರೇ ಮಾಡುವಾಗ "ಅದು ನಿನ್ನ ಭಾಗ, ನೋಡು" ಎನ್ನಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಒಂದು ಕ್ರಮ ಬೇಕು. ನಾನು ಈಗ ಹಿಡಿಯುವ ಕ್ರಮ ಹೀಗಿದೆ: ಮೊದಲು ವಿದ್ಯುತ್, ಆಮೇಲೆ ಸೆನ್ಸರ್, ಆಮೇಲೆ ಸಮಯ ಮತ್ತು ಎಣಿಕೆ, ಆಮೇಲೆ ಯಂತ್ರಭಾಗ. ಪಿಐಡಿ ಕಟ್ಟಕಡೆಗೆ.

ಉದಾಹರಣೆಗಳೆಲ್ಲ ನನ್ನ ರೋಬೋಟಿನವೇ. ಎನ್‌ಕೋಡರ್ (ಎಷ್ಟು ತಿರುಗಿತು ಅಂತ ಎಣಿಸುವ ಸೆನ್ಸರ್) ಇರುವ ಎರಡು 6 ವೋಲ್ಟ್ ಗೇರ್ ಮೋಟರ್, ಮೋಟರಿಗೆ ಕರೆಂಟ್ ಹಾಯಿಸುವ ಎಲ್298ಎನ್ ಡ್ರೈವರ್ ಮಾಡ್ಯೂಲ್, ಕೋಡ್ ಓಡಿಸುವ ಆರ್ಡುಯಿನೊ ಊನೊ ಬೋರ್ಡ್, ವಾಲಿಕೆ ಅಳೆಯಲು ಎಂಪಿಯು-6050 ಸೆನ್ಸರ್, ಸರಣಿಯಲ್ಲಿ ಎರಡು 18650 ಲಿಥಿಯಂ ಸೆಲ್. ಡ್ರೈವರ್ ಮಾಡ್ಯೂಲಿನ ಮೇಲಿರುವ, ಬ್ಯಾಟರಿ ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ರೆಗ್ಯುಲೇಟರಿನಿಂದ 5 ವೋಲ್ಟ್ ತೆಗೆದು ಊನೊದ 5 ವೋಲ್ಟ್ ಪಿನ್ನಿಗೆ ಕೊಟ್ಟಿದ್ದೆ. ಈ ಕೊನೆಯ ವಾಕ್ಯ ನೆನಪಿರಲಿ.

ಕೈ ಹಾಕುವ ಮುನ್ನ

ಒಂದು ನೋಟ್‌ಬುಕ್ ಇಡಿ. ಪ್ರತಿ ಪ್ರಯತ್ನಕ್ಕೂ ಒಂದು ಸಾಲು ಸಾಕು. ಬ್ಯಾಟರಿ ವೋಲ್ಟೇಜ್ ಎಷ್ಟಿತ್ತು, ಏನು ಬದಲಿಸಿದೆ, ಏನಾಗುತ್ತದೆ ಅಂದುಕೊಂಡೆ, ಏನಾಯಿತು. ಮೂರನೆಯದನ್ನು ಬದಲಾವಣೆ ಮಾಡುವ ಮುಂಚೆಯೇ ಬರೆಯಬೇಕು. ಆಮೇಲೆ ಬರೆದರೆ ಮನಸ್ಸು ಫಲಿತಾಂಶಕ್ಕೆ ತಕ್ಕ ಹಾಗೆ ಕತೆ ಕಟ್ಟಿಬಿಡುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ. ಡೆಡ್‌ಲೈನ್ ಹತ್ತಿರ ಬಂದಾಗ ಇದೇ ಎಲ್ಲಕ್ಕಿಂತ ಕಷ್ಟ. ವೈರ್ ಬದಲಿಸಿ, ಜೊತೆಗೆ ಸುಮ್ನೆ ಒಂದು ಗೇನ್ (ಪಿಐಡಿಯ ಒಂದು ಸಂಖ್ಯೆ) ಕೂಡ ತಿದ್ದೋಣ ಅನಿಸುತ್ತದೆ. ತಿದ್ದಬೇಡಿ. ಆಮೇಲೆ ರೋಬೋಟ್ ನಿಂತರೂ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ.

ದೋಷವನ್ನು ಎಣಿಸಿ. "ಒಮ್ಮೊಮ್ಮೆ ಬೀಳುತ್ತೆ" ಎಂಬುದು ಅಳತೆಯಲ್ಲ. ನಾನು 30 ಸೆಕೆಂಡ್ ನಿಂತರೆ ಪಾಸ್ ಅಂತ ಇಟ್ಟುಕೊಂಡು ಹತ್ತು ಸಲ ಓಡಿಸಿ ನೋಡಿದೆ. ಕೇಬಲ್ ಇದ್ದಾಗ ಹತ್ತಕ್ಕೆ ಹತ್ತು. ಇಲ್ಲದಾಗ ಹತ್ತಕ್ಕೆ ಎರಡು. ಆಗಷ್ಟೇ ಚಾರ್ಜ್ ಮಾಡಿದ ಬ್ಯಾಟರಿ ಹಾಕಿ, ಕೇಬಲ್ ಇಲ್ಲದೆ, ಹತ್ತಕ್ಕೆ ಏಳು. ಈ ಮೂರನೆಯ ಸಾಲು ದೋಷ ಎಲ್ಲಿದೆ ಅಂತ ನೇರವಾಗಿ ಹೇಳುತ್ತಿತ್ತು. ಮೊದಲ ವಾರವೇ ಎಣಿಸಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಎಣಿಸಿದ್ದು ಹತ್ತನೆಯ ದಿನ.

ಸುರಕ್ಷತೆ ಬಗ್ಗೆ ಎರಡು ಮಾತು. ಬ್ಯಾಟರಿಯ ಪ್ಲಸ್ ವೈರಿನಲ್ಲಿ ಫ್ಯೂಸ್ ಮತ್ತು ಕೈಗೆ ಸುಲಭವಾಗಿ ಸಿಗುವ ಸ್ವಿಚ್ ಇರಲೇಬೇಕು. ಲಿಥಿಯಂ ಸೆಲ್ ಶಾರ್ಟ್ ಆದರೆ ವೈರ್ ಕೆಂಪಗಾಗುವುದಕ್ಕೆ ಜಾಸ್ತಿ ಹೊತ್ತು ಬೇಡ. ಪರೀಕ್ಷೆ ಮಾಡುವಾಗ ಚಕ್ರ ನೆಲಕ್ಕೆ ತಾಗದ ಹಾಗೆ ರೋಬೋಟನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಮೇಜಿನ ಮೇಲಿಂದ ಬಿದ್ದರೆ ಒಂದು ದೋಷದ ಜೊತೆ ಇನ್ನೂ ಮೂರು ಸೇರಿಕೊಳ್ಳುತ್ತವೆ.

ಮೊದಲು ವಿದ್ಯುತ್

ಲ್ಯಾಬಿನ ಮೇಡಂ ಹತ್ತಿರ ಹೋಗಿ, "ಮೇಡಂ, ಪಿಐಡಿ ಟ್ಯೂನ್ ಆಗ್ತಾನೇ ಇಲ್ಲ" ಅಂದೆ. ಅವರು ಕೋಡ್ ನೋಡಲೇ ಇಲ್ಲ. "ಬೋರ್ಡ್ ರೀಸೆಟ್ ಆಗ್ತಿಲ್ಲ ಅಂತ ನಿಂಗೆ ಹೇಗೆ ಗೊತ್ತು?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ನೀವೂ ಮೊದಲು ಇದನ್ನೇ ಕೇಳಿಕೊಳ್ಳಿ. ರೀಸೆಟ್ ಪತ್ತೆ ಹಚ್ಚುವುದು ಸುಲಭ. ಸೆಟಪ್ ಭಾಗದ ಮೊದಲ ಸಾಲಿನಲ್ಲೇ ಒಂದು ಬಜರ್ ಚಿಕ್ಕದಾಗಿ ಬೀಪ್ ಅನ್ನುವಂತೆ ಮಾಡಿ. ಓಡುತ್ತಿರುವಾಗ ಬೀಪ್ ಕೇಳಿಸಿತೋ, ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗಿದೆ ಎಂದರ್ಥ. 13ನೇ ಪಿನ್ನಿನ ಎಲ್‌ಇಡಿಯನ್ನು ಇದಕ್ಕೆ ಬಳಸಬೇಡಿ. ರೀಸೆಟ್ ಆದಾಗ ನಿಮ್ಮ ಕೋಡಿಗೂ ಮುಂಚೆ ಓಡುವ ಬೂಟ್‌ಲೋಡರ್ ತಾನೇ ಅದನ್ನು ಮಿಣುಕಿಸುತ್ತದೆ, ಗೊಂದಲ ಆಗುತ್ತದೆ. ಇನ್ನೊಂದು ವಿಷಯ. ಲ್ಯಾಪ್‌ಟಾಪಿನಲ್ಲಿ ಸೀರಿಯಲ್ ಮಾನಿಟರ್ ತೆರೆದ ಕ್ಷಣದಲ್ಲೂ ಊನೊ ರೀಸೆಟ್ ಆಗುತ್ತದೆ. ಅದು ದೋಷವಲ್ಲ, ಅದರ ವಿನ್ಯಾಸವೇ ಹಾಗೆ.

ಬಜರ್ ಹಾಕಿ ಕೇಬಲ್ ಇಲ್ಲದೆ ಹತ್ತು ಸಲ ಓಡಿಸಿದೆ. ಎಂಟು ಸಲ ಬಿತ್ತು. ಅದರಲ್ಲಿ ಐದು ಸಲ ಬೀಳುವ ಮುಂಚೆ ಬೀಪ್ ಬಂತು. ಉಳಿದ ಮೂರು ಸಲ ಬೀಪ್ ಇಲ್ಲದೆಯೇ ಬಿತ್ತು. ಹಾಗಾದರೆ ಎರಡು ಬೇರೆ ಬೇರೆ ದೋಷ ಇವೆಯಾ ಅಂತ ತಲೆಕೆಟ್ಟು ಹೋಯಿತು. ಇರಲಿಲ್ಲ. ಒಂದೇ ದೋಷ ಎರಡು ವೇಷದಲ್ಲಿ ಬರುತ್ತಿತ್ತು.

ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿಗೆ ವೋಲ್ಟೇಜ್ ತೀರಾ ಇಳಿದರೆ ತಾನೇ ರೀಸೆಟ್ ಆಗುವ ಕಾವಲು ಇದೆ. ಅದನ್ನು ಬ್ರೌನ್-ಔಟ್ ಎನ್ನುತ್ತಾರೆ. ಊನೊದಲ್ಲಿ ಆ ಮಟ್ಟ 2.7 ವೋಲ್ಟ್. ಆದರೆ ಅದೇ ಚಿಪ್ 16 ಮೆಗಾಹರ್ಟ್ಸ್ ವೇಗದಲ್ಲಿ ಸರಿಯಾಗಿ ಕೆಲಸ ಮಾಡಲು ಸುಮಾರು 3.8 ವೋಲ್ಟ್ ಆದರೂ ಬೇಕು. ನಡುವೆ ಒಂದು ಕೆಟ್ಟ ಅಂತರ ಉಳಿಯಿತು ನೋಡಿ. ವೋಲ್ಟೇಜ್ 2.7ಕ್ಕಿಂತ ಕೆಳಗೆ ಹೋದರೆ ರೀಸೆಟ್ ಆಗಿ ಬೀಪ್ ಬರುತ್ತದೆ. 3.8 ಮತ್ತು 2.7ರ ನಡುವೆ ಸಿಕ್ಕಿಕೊಂಡರೆ ರೀಸೆಟ್ ಆಗುವುದಿಲ್ಲ, ಆದರೆ ಲೆಕ್ಕ ಸರಿ ಬರುತ್ತದೆ ಎಂಬ ಭರವಸೆ ಇಲ್ಲ. ಸೆನ್ಸರ್ ಬೋರ್ಡಿನ 3.3 ವೋಲ್ಟ್ ರೆಗ್ಯುಲೇಟರಿಗೂ ಆಗ ಸಾಕಷ್ಟು ವೋಲ್ಟೇಜ್ ಸಿಗುವುದಿಲ್ಲ. ಕೋನ ಒಮ್ಮೆಲೇ ಎಲ್ಲಿಗೋ ಹಾರುತ್ತದೆ. ಹೊರಗಿನಿಂದ ನೋಡಿದರೆ ಪಿಐಡಿ ಹುಚ್ಚಾಟದ ಹಾಗೆಯೇ ಕಾಣುತ್ತದೆ.

ಇಂಥ ಕುಸಿತ ಮಲ್ಟಿಮೀಟರಿಗೆ ಕಾಣುವುದಿಲ್ಲ. ಅದು ನಿಧಾನವಾಗಿ ಸರಾಸರಿ ತೋರಿಸುತ್ತದೆ. ಕುಸಿತ ಕೆಲವೇ ಮಿಲಿಸೆಕೆಂಡ್ ಇರುತ್ತದೆ. ನನ್ನ ಮಲ್ಟಿಮೀಟರ್ ಉದ್ದಕ್ಕೂ 4.9 ಅಂತಲೇ ತೋರಿಸುತ್ತಿತ್ತು, ಅದನ್ನು ನಂಬಿ ನಾನು ಮುಂದೆ ಹೋಗಿದ್ದೆ. ವೋಲ್ಟೇಜಿನ ಏರಿಳಿತವನ್ನು ಕ್ಷಣಕ್ಷಣಕ್ಕೂ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ತೆಗೆದುಕೊಳ್ಳಿ. ಪ್ರೋಬನ್ನು ಊನೊದ 5 ವೋಲ್ಟ್ ಪಿನ್ನಿಗೆ, ಅದರ ಗ್ರೌಂಡ್ ಕ್ಲಿಪ್ಪನ್ನು ಊನೊದ ಗ್ರೌಂಡಿಗೇ ಹಾಕಿ. ಟ್ರಿಗರ್ 4.5 ವೋಲ್ಟಿನಲ್ಲಿ, ಇಳಿಯುವ ಅಂಚಿಗೆ, ಸಿಂಗಲ್ ಮೋಡಿನಲ್ಲಿ ಇಡಿ. ರೋಬೋಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಜೋರಾಗಿ ವಾಲಿಸಿ. ಮೋಟರ್ ದಿಕ್ಕು ಬದಲಿಸುವ ಹೊತ್ತಿಗೆ ಸ್ಕೋಪ್ ಹಿಡಿಯಬೇಕು. ನನ್ನದರಲ್ಲಿ ಹಳ್ಳ 3.4 ವೋಲ್ಟಿನವರೆಗೆ ಇಳಿದಿತ್ತು, ಒಮ್ಮೊಮ್ಮೆ 2.7ಕ್ಕಿಂತ ಕೆಳಕ್ಕೆ.

ದಿಕ್ಕು ಬದಲಿಸುವಾಗಲೇ ಯಾಕೆ? ಓಡುತ್ತಿರುವ ಮೋಟರ್ ಜನರೇಟರ್ ಕೂಡ ಹೌದು. ಮುಂದಕ್ಕೆ ತಿರುಗುವಾಗ ಅದು ಹುಟ್ಟಿಸುವ ವೋಲ್ಟೇಜ್ ಬ್ಯಾಟರಿಗೆ ಎದುರು ನಿಂತು ಕರೆಂಟನ್ನು ತಡೆಯುತ್ತದೆ. ತಟ್ಟನೆ ಹಿಂದಕ್ಕೆ ಅಂದರೆ ಅದೇ ವೋಲ್ಟೇಜ್ ಬ್ಯಾಟರಿಯ ಜೊತೆ ಸೇರಿಕೊಳ್ಳುತ್ತದೆ. ಪೂರ್ತಿ ವೇಗದಲ್ಲಿ ಹಾಗೆ ಮಾಡಿದರೆ, ಮೋಟರ್ ಸ್ಟಾಲ್ ಆದಾಗ (ಪವರ್ ಇದ್ದೂ ತಿರುಗದೆ ನಿಂತಾಗ) ಎಳೆಯುವ ಕರೆಂಟಿನ ಹತ್ತಿರ ಹತ್ತಿರ ಎರಡರಷ್ಟು ಒಂದು ಕ್ಷಣಕ್ಕೆ ಹರಿಯಬಲ್ಲದು. ಬ್ಯಾಲೆನ್ಸಿಂಗ್ ರೋಬೋಟ್ ಸೆಕೆಂಡಿಗೆ ಹಲವು ಸಲ ಮಾಡುವುದು ಇದನ್ನೇ ಅಲ್ವಾ?

ಸರಿ, ಕುಸಿಯುತ್ತದೆ. ಎಲ್ಲಿ ಕುಸಿಯುತ್ತದೆ? ಇದಕ್ಕೆ ಮಲ್ಟಿಮೀಟರ್ ಸಾಕು. ಚಕ್ರಗಳನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಮೋಟರಿಗೆ ಪೂರ್ತಿ ಪವರ್ ಕೊಡಿ. ಎರಡು ಸೆಕೆಂಡಿಗಿಂತ ಜಾಸ್ತಿ ಬೇಡ. ಆ ಹೊತ್ತಿನಲ್ಲಿ ಬ್ಯಾಟರಿಯಿಂದ ಚಿಪ್ಪಿನವರೆಗೆ ದಾರಿಯ ಒಂದೊಂದೇ ತುಂಡಿನ ಎರಡು ತುದಿಗೆ ಮೀಟರ್ ಇಟ್ಟು ನೋಡಿ. ಒಳ್ಳೆಯ ವೈರಿನ ಎರಡು ತುದಿಯ ನಡುವೆ ಹೆಚ್ಚುಕಡಿಮೆ ಸೊನ್ನೆ ಬರಬೇಕು. ನನ್ನ ರೋಬೋಟಿನಲ್ಲಿ ಸೆಲ್‌ಗಳ ಲೋಹದ ತಲೆಗೇ ಮೀಟರ್ ಮುಟ್ಟಿಸಿದರೆ 7.2 ವೋಲ್ಟ್. ಡ್ರೈವರಿನ ಸ್ಕ್ರೂ ಟರ್ಮಿನಲ್ಲಿನಲ್ಲಿ 6.1. ಕರೆಂಟ್ ಸುಮಾರು 2 ಆಂಪಿಯರ್. ಅಂದರೆ ದಾರಿಯಲ್ಲಿ ಅರ್ಧ ಓಮ್‌ಗಿಂತ ಜಾಸ್ತಿ ರೆಸಿಸ್ಟೆನ್ಸ್ ಕೂತಿದೆ. ತುಂಡು ತುಂಡಾಗಿ ಅಳೆದಾಗ ಬಹುಪಾಲು ಬ್ಯಾಟರಿ ಹೋಲ್ಡರಿನ ತೆಳು ಸ್ಪ್ರಿಂಗುಗಳಲ್ಲೇ ಸಿಕ್ಕಿತು. ಬೆರಳು ಇಟ್ಟು ನೋಡಿದೆ. ಸ್ಪ್ರಿಂಗ್ ಬೆಚ್ಚಗಿತ್ತು.

ಈಗ ಲೆಕ್ಕ ಕೂಡಿಸಿ. ಮಾಡ್ಯೂಲಿನ ಮೇಲಿರುವ 78ಎಂ05 ಮಾದರಿಯ ರೆಗ್ಯುಲೇಟರಿಗೆ 5 ವೋಲ್ಟ್ ಹೊರಗೆ ಕೊಡಲು ಒಳಗೆ ಸುಮಾರು 7 ವೋಲ್ಟ್ ಬೇಕು. 6.1 ಬಂದರೆ ಅದು 5 ಕೊಡಲಾರದು. ದಿಕ್ಕು ಬದಲಾದಾಗ ಒಳಬರುವುದು ಇನ್ನೂ ಕಡಿಮೆ, ಹೊರಹೋಗುವುದೂ ಅಷ್ಟೇ ಕಡಿಮೆ. ಯುಎಸ್‌ಬಿ ಕೇಬಲ್ ಇದ್ದಾಗ ಲ್ಯಾಪ್‌ಟಾಪಿನ 5 ವೋಲ್ಟ್ ಅದೇ ಪಿನ್ನಿಗೆ ಬಂದು ಕೆಳಗೆ ಬೀಳದಂತೆ ಹಿಡಿದುಕೊಳ್ಳುತ್ತಿತ್ತು. ತಾಜಾ ಬ್ಯಾಟರಿ 8.4 ವೋಲ್ಟಿನಿಂದ ಶುರುವಾಗುವುದರಿಂದ ಅದಕ್ಕೂ ಸ್ವಲ್ಪ ಉಸಿರಾಡಲು ಜಾಗ ಇತ್ತು. ಎಣಿಸಿದ ಮೂರೂ ಸಾಲಿಗೆ ಒಂದೇ ಕಾರಣ ಹೊಂದಿತು. ದೋಷ ನಿಜವಾಗಿ ಸಿಕ್ಕಿದೆ ಅಂತ ನಂಬಲು ನನಗೆ ಬೇಕಾದ ಗುರುತು ಇದೇ: ನೋಡಿದ ಎಲ್ಲ ಲಕ್ಷಣವನ್ನೂ ಅದೊಂದೇ ವಿವರಿಸಬೇಕು. ಒಂದು ಲಕ್ಷಣ ಹೊರಗುಳಿದರೆ ಹುಡುಕಾಟ ಮುಗಿದಿಲ್ಲ.

ಒಂದು ಎಚ್ಚರಿಕೆ. 5 ವೋಲ್ಟ್ ಪಿನ್ನಿಗೆ ಹೊರಗಿನಿಂದ ಪವರ್ ಕೊಟ್ಟು ಯುಎಸ್‌ಬಿಯನ್ನೂ ಸಿಕ್ಕಿಸುವುದು ಒಳ್ಳೆಯದಲ್ಲ. ಎರಡು ಮೂಲಗಳು ನೇರವಾಗಿ ಒಂದಕ್ಕೊಂದು ಜೋಡಿಸಿಕೊಳ್ಳುತ್ತವೆ. ನನ್ನದು ಉಳಿಯಿತು, ನಿಮ್ಮ ಲ್ಯಾಪ್‌ಟಾಪಿನ ಪೋರ್ಟ್ ಉಳಿಯುತ್ತದೆ ಅಂತ ಹೇಳಲಾರೆ.

ಪರಿಹಾರವನ್ನೂ ಒಂದೊಂದಾಗಿಯೇ ಮಾಡಿದೆ. ಹೋಲ್ಡರ್ ತೆಗೆದು, ಲೋಹದ ಪಟ್ಟಿ ವೆಲ್ಡ್ ಮಾಡಿದ ಸಿದ್ಧ ಪ್ಯಾಕ್ ಹಾಕಿದೆ. ಸೆಲ್ಲಿಗೆ ನೇರವಾಗಿ ಸೋಲ್ಡರ್ ಮಾಡಬೇಡಿ, ಆ ಬಿಸಿಗೆ ಸೆಲ್ ಹಾಳಾಗುತ್ತದೆ. ಹತ್ತಕ್ಕೆ ಎಂಟು ಬಂತು. ಊನೊಗೆ ಬೇರೆಯದೇ ಒಂದು 5 ವೋಲ್ಟ್ ಕನ್ವರ್ಟರ್ ಕೊಟ್ಟೆ. ಬ್ಯಾಟರಿ 5ಕ್ಕಿಂತ ಮೇಲಿದ್ದರೂ ಕೆಳಗಿದ್ದರೂ 5 ಕೊಡುವ ಬಕ್-ಬೂಸ್ಟ್ ಜಾತಿಯದು. ಹತ್ತಕ್ಕೆ ಹತ್ತು. ಆಮೇಲೆ ಡ್ರೈವರ್ ಟರ್ಮಿನಲ್ಲಿಗೆ ಒತ್ತಿಕೊಂಡಂತೆ 470 ಮೈಕ್ರೊಫ್ಯಾರಡ್ ಕೆಪಾಸಿಟರ್, ಪ್ರತಿ ಮೋಟರಿನ ಎರಡು ಕಾಲಿನ ನಡುವೆ 100 ನ್ಯಾನೊಫ್ಯಾರಡ್ ಸೆರಾಮಿಕ್. ಇವು ದೋಷಕ್ಕೆ ಪರಿಹಾರ ಅಲ್ಲ, ಮುಂದಿನ ದೋಷಕ್ಕೆ ತಡೆ.

ಎಲ್298ಎನ್ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಅದು ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್ ವಿನ್ಯಾಸ. 1 ಆಂಪಿಯರ್ ಹರಿದರೆ ತಾನೇ 1.8ರಿಂದ 3.2 ವೋಲ್ಟ್ ನುಂಗುತ್ತದೆ. 2 ಆಂಪಿಯರಿನಲ್ಲಿ ಇದು 4.9ರವರೆಗೂ ಹೋಗಬಹುದು. 7.4 ವೋಲ್ಟಿನ ಬ್ಯಾಟರಿಗೆ ಇದನ್ನು ಜೋಡಿಸುವುದು ನೀರು ಸೋರುವ ಕೊಡದಲ್ಲಿ ಸೇದಿದ ಹಾಗೆ. ಸಣ್ಣ ಮೋಟರಾದರೆ ಟಿಬಿ6612 ಥರದ ಮಾಸ್ಫೆಟ್ ಡ್ರೈವರ್ ತೆಗೆದುಕೊಳ್ಳಿ. ಆದರೆ ಅದು ಚಾನೆಲ್ಲಿಗೆ ಸತತವಾಗಿ 1.2 ಆಂಪಿಯರ್ ಮಾತ್ರ ಹೊರುತ್ತದೆ, ನಿಮ್ಮ ಮೋಟರಿನ ಕರೆಂಟ್ ಅಳೆದು ನೋಡಿಕೊಳ್ಳಿ.

ಗ್ರೌಂಡ್ ಬಗ್ಗೆ ಇಷ್ಟೇ: ಮೋಟರಿನ ಕರೆಂಟ್ ಸೆನ್ಸರಿನ ಗ್ರೌಂಡ್ ವೈರಿನ ಮೂಲಕ ಹಾದುಹೋಗಬಾರದು. ಡ್ರೈವರಿನ ಗ್ರೌಂಡ್ ಬೇರೆ, ಊನೊದ ಗ್ರೌಂಡ್ ಬೇರೆ ವೈರಿನಲ್ಲಿ ಬಂದು ಬ್ಯಾಟರಿಯ ಮೈನಸ್ಸಿನ ಬಳಿ ಒಂದೇ ಬಿಂದುವಿನಲ್ಲಿ ಸೇರಲಿ. ಬ್ರೆಡ್‌ಬೋರ್ಡಿನ ಮೂಲಕ ಮೋಟರ್ ಕರೆಂಟ್ ಹರಿಸಲೇಬೇಡಿ.

ಸೆನ್ಸರ್ ಹೇಳುವುದು ನಿಜವೇ?

ವಿದ್ಯುತ್ ಸರಿಯಾದ ಮೇಲೆ ಮೋಟರ್ ವೈರ್ ಬಿಚ್ಚಿಡಿ. ರೋಬೋಟನ್ನು ಅಲುಗಾಡದಂತೆ ಒರಗಿಸಿ ಒಂದು ನಿಮಿಷ ಕೋನವನ್ನು ದಾಖಲಿಸಿ. ಆಮೇಲೆ ಮೋಟರ್ ವೈರ್ ಮತ್ತೆ ಜೋಡಿಸಿ, ಅದೇ ಭಂಗಿಯಲ್ಲಿ, ಚಕ್ರ ಗಾಳಿಯಲ್ಲಿ ತಿರುಗುತ್ತಿರುವಾಗ ಇನ್ನೊಂದು ನಿಮಿಷ. ಎರಡು ಗ್ರಾಫ್ ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದರಲ್ಲಿ ಮಾತ್ರ ಗದ್ದಲ ಇದ್ದರೆ ಅದು ಮೋಟರಿನಿಂದ ಬಂದದ್ದು, ಕಂಪನದ ಮೂಲಕ ಅಥವಾ ವೈರಿನ ಮೂಲಕ. ಸೆನ್ಸರ್ ಬೋರ್ಡನ್ನು ಬಿಚ್ಚಿ ದಪ್ಪ ಫೋಮ್ ಟೇಪಿನ ಮೇಲೆ ಅಂಟಿಸಿ ಮತ್ತೆ ನೋಡಿ. ಗದ್ದಲ ತಗ್ಗಿದರೆ ಕಂಪನ, ಹಾಗೆಯೇ ಉಳಿದರೆ ವೈರು.

ಎಂಪಿಯು-6050ರ ಗೈರೊ (ತಿರುಗುವ ವೇಗ ಅಳೆಯುವ ಭಾಗ) ಅಲುಗಾಡದೆ ಇದ್ದಾಗಲೂ ಸೊನ್ನೆ ತೋರಿಸುವುದಿಲ್ಲ. ಆ ಚಿಕ್ಕ ತಪ್ಪನ್ನು ಶುರುವಿನಲ್ಲಿ ಅಳೆದು ಕಳೆಯಬೇಕು. ಸ್ವಿಚ್ ಒತ್ತಿದ ತಕ್ಷಣ ಕೈಯಲ್ಲಿ ಎತ್ತಿಕೊಂಡರೆ ಆ ಅಳತೆಯೇ ಕೆಡುತ್ತದೆ, ಆಮೇಲೆ ರೋಬೋಟ್ ಪೂರ್ತಿ ಹೊತ್ತು ಒಂದೇ ಕಡೆಗೆ ಜರುಗುತ್ತಿರುತ್ತದೆ. ಅಳತೆ ಮುಗಿದಾಗ ಎರಡನೇ ಬೀಪ್ ಬರುವಂತೆ ಮಾಡಿ. ಅಲ್ಲಿಯವರೆಗೆ ಮುಟ್ಟಬೇಡಿ.

ರೋಬೋಟ್ ಚೆನ್ನಾಗಿ ನಿಂತಿದ್ದು ಇದ್ದಕ್ಕಿದ್ದ ಹಾಗೆ ಒಂದೇ ವೇಗದಲ್ಲಿ ಓಡಿಹೋಗಿ ಗೋಡೆಗೆ ಬಡಿಯುತ್ತದೆಯೇ? ಸೆನ್ಸರ್ ಮತ್ತು ಊನೊ ಮಾತಾಡುವ ಐ2ಸಿ ಸಂಪರ್ಕ ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ. ಕೋಡ್ ಸೆನ್ಸರಿನ ಉತ್ತರಕ್ಕಾಗಿ ಕಾಯುತ್ತ ನಿಂತುಬಿಟ್ಟಿದೆ. ಮೋಟರಿಗೆ ಕೊನೆಗೆ ಕೊಟ್ಟ ಪಿಡಬ್ಲ್ಯುಎಂ (ಎಷ್ಟು ಬಲ ಬೇಕು ಅಂತ ಹೇಳುವ, 255ರವರೆಗಿನ ಸಂಖ್ಯೆ) ಹಾಗೆಯೇ ಉಳಿದಿದೆ. ಸೆನ್ಸರ್ ವೈರನ್ನು ಗಿಡ್ಡ ಮಾಡಿ, ಮೋಟರ್ ವೈರಿನಿಂದ ದೂರ ಒಯ್ಯಿರಿ. ಐ2ಸಿಗೆ ಬಳಸುವ ವೈರ್ (Wire) ಎಂಬ ಕೋಡ್ ಲೈಬ್ರರಿಯ ಹೊಸ ಆವೃತ್ತಿಯಲ್ಲಿ, ಉತ್ತರ ಬರದಿದ್ದರೆ ಕಾಯುವುದನ್ನು ಬಿಡುವ ಟೈಮ್‌ಔಟ್ ಇದೆ, ಅದನ್ನು ಆನ್ ಮಾಡಿ. ಕೋಡ್ ನಿಂತುಬಿಟ್ಟರೆ ಬೋರ್ಡನ್ನು ತಾನೇ ರೀಸೆಟ್ ಮಾಡುವ ವಾಚ್‌ಡಾಗ್ ಕೂಡ ಹಾಕಿ. ಓಡಿಹೋಗುವ ಯಂತ್ರ ಯಾರದ್ದಾದರೂ ಬೆರಳಿಗೆ ತಾಗಬಹುದು. ಈ ಒಂದು ವಿಷಯವನ್ನು ನಾಳೆಗೆ ಇಡಬೇಡಿ.

ಲೂಪಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ?

ಸೆನ್ಸರ್ ಓದಿ ಮೋಟರಿಗೆ ಹೇಳುವ ಕೋಡ್ ಮತ್ತೆ ಮತ್ತೆ ಓಡುತ್ತದೆ, ಅದೇ ಲೂಪ್. ಕೋಡಿನಲ್ಲಿ 5 ಮಿಲಿಸೆಕೆಂಡ್ ಅಂತ ಬರೆದರೆ ಲೂಪ್ 5 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ ಅಂತಲ್ಲ. ಲೂಪಿನ ಶುರುವಿನಲ್ಲಿ ಒಂದು ಪಿನ್ ಮೇಲೆತ್ತಿ, ಕೊನೆಯಲ್ಲಿ ಇಳಿಸಿ, ಸ್ಕೋಪಿನಲ್ಲಿ ನೋಡಿ. ಒಂದೇ ನಿಮಿಷದ ಕೆಲಸ.

ಇಲ್ಲಿ ಸಾಮಾನ್ಯವಾಗಿ ಸಿಗುವ ಕಳ್ಳ ಎಂದರೆ ಸೀರಿಯಲ್ ಪ್ರಿಂಟ್. 9600 ಬಾಡ್‌ನಲ್ಲಿ ಸೆಕೆಂಡಿಗೆ 960 ಅಕ್ಷರ ಹೋಗುತ್ತದೆ. 40 ಅಕ್ಷರದ ಒಂದು ಸಾಲಿಗೆ ಸುಮಾರು 42 ಮಿಲಿಸೆಕೆಂಡ್. ಊನೊದಲ್ಲಿ 64 ಬೈಟಿನ ಬಫರ್ ಇರುವುದರಿಂದ ಮೊದಲ ಸಾಲು ಬೇಗ ಹೋದ ಹಾಗೆ ಕಾಣುತ್ತದೆ. ಬಫರ್ ತುಂಬಿದ ಮೇಲೆ ಪ್ರತಿ ಲೂಪ್ ಕಾಯುತ್ತದೆ. ಇಷ್ಟರ ನಡುವೆ ಕೋನ ಲೆಕ್ಕ ಹಾಕುವ ಫಿಲ್ಟರಿನಲ್ಲಿ ಸಮಯವನ್ನು 0.005 ಅಂತ ಗಟ್ಟಿಯಾಗಿ ಬರೆದಿಟ್ಟಿದ್ದರೆ, ಗೈರೊ ಹೇಳಿದ ತಿರುವಿನಲ್ಲಿ ಎಂಟನೇ ಒಂದು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ದೋಷ ಹುಡುಕಲು ಹಾಕಿದ ಪ್ರಿಂಟೇ ದೋಷವಾಗುತ್ತದೆ.

115200 ಬಾಡ್ ಇಡಿ, ಅದೇ ಸಾಲಿಗೆ 3.5 ಮಿಲಿಸೆಕೆಂಡ್ ಸಾಕು. ಹಾಗಿದ್ದರೂ ಇಪ್ಪತ್ತು ಲೂಪಿಗೆ ಒಂದು ಸಲ ಮಾತ್ರ ಪ್ರಿಂಟ್ ಮಾಡಿ. ಸಮಯವನ್ನು ಊಹಿಸಬೇಡಿ, ಆರ್ಡುಯಿನೊದ ಮೈಕ್ರೋಸ್ (micros) ಫಂಕ್ಷನ್ ಬಳಸಿ ಪ್ರತಿ ಸಲ ಅಳೆಯಿರಿ. ಐ2ಸಿ ವೇಗವನ್ನು 100ರಿಂದ 400 ಕಿಲೋಹರ್ಟ್ಸ್‌ಗೆ ಏರಿಸಿದರೆ ಸೆನ್ಸರಿನ 14 ಬೈಟ್ ಓದುವ ಕೆಲಸ ಒಂದೂವರೆ ಮಿಲಿಸೆಕೆಂಡಿನಿಂದ ಅರ್ಧ ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯುತ್ತದೆ.

ಐದು ಮೀಟರ್ ದಾಟಿದರೆ ಹಾರುವ ದೋಷ

ಇದು ನನ್ನ ಪ್ರಾಜೆಕ್ಟಿನಲ್ಲಿ ನನಗೆ ಬಹಳ ಇಷ್ಟವಾದ ದೋಷ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಮೇಜಿನ ಮೇಲೆ ಎಲ್ಲ ಸರಿ. ಲ್ಯಾಬಿನ ಹೊರಗಿನ ಉದ್ದ ಕಾರಿಡಾರಿನಲ್ಲಿ ಬಿಟ್ಟೆ. ಚೆನ್ನಾಗಿ ಮುಂದೆ ಹೋಯಿತು. ಒಂದು ಜಾಗಕ್ಕೆ ಬಂದಾಗ ಯಾರೋ ಹಿಂದಿನಿಂದ ಎಳೆದಂತೆ ಜಗ್ಗಿ ಮಲಗಿತು. ಮತ್ತೆ ಬಿಟ್ಟೆ. ಅದೇ ಟೈಲ್ಸಿನ ಹತ್ತಿರ ಮತ್ತೆ ಬಿತ್ತು. ಆ ಟೈಲ್ಸನ್ನು ಕೈಯಿಂದ ಸವರಿ ನೋಡಿದೆ, ಉಬ್ಬು ಏನೂ ಇರಲಿಲ್ಲ. ಎರಡು ಮೀಟರ್ ಮುಂದಿನಿಂದ ಶುರು ಮಾಡಿದೆ. ಬೀಳುವ ಜಾಗವೂ ಎರಡು ಮೀಟರ್ ಮುಂದಕ್ಕೆ ಹೋಯಿತು. ಅಂದಮೇಲೆ ದೋಷ ನೆಲದಲ್ಲಿಲ್ಲ, ದೂರದಲ್ಲಿದೆ. ಅಳೆದೆ. ಸುಮಾರು 5 ಮೀಟರ್.

ಎನ್‌ಕೋಡರ್ ಮೋಟರಿನ ಒಂದು ಸುತ್ತಿಗೆ 11 ಪಲ್ಸ್ ಕೊಡುತ್ತದೆ. ಎರಡು ಚಾನೆಲ್ಲಿನ ಎಲ್ಲ ಅಂಚು ಎಣಿಸಿದರೆ 44. ಗೇರ್ 30ಕ್ಕೆ 1. ಚಕ್ರದ ಒಂದು ಸುತ್ತಿಗೆ 1320. ಎಣಿಕೆಯನ್ನು ಇಂಟ್ ವೇರಿಯಬಲ್ಲಿನಲ್ಲಿ ಇಟ್ಟಿದ್ದೆ. ಊನೊದಲ್ಲಿ ಇಂಟ್ 16 ಬಿಟ್, 32767 ದಾಟಿದರೆ ಮೈನಸ್ 32768ಕ್ಕೆ ಉರುಳುತ್ತದೆ. 32767ನ್ನು 1320ರಿಂದ ಭಾಗಿಸಿದರೆ 24.8 ಸುತ್ತು. 65 ಮಿಲಿಮೀಟರ್ ಚಕ್ರದ ಸುತ್ತಳತೆ 204 ಮಿಲಿಮೀಟರ್. ಗುಣಿಸಿ ನೋಡಿ. 5 ಮೀಟರಿನ ಮೇಲೆ ಆರು ಸೆಂಟಿಮೀಟರ್. ಆ ಕ್ಷಣದಲ್ಲಿ ತಾನು ಹತ್ತು ಮೀಟರ್ ಹಿಂದಿದ್ದೇನೆ ಅಂತ ರೋಬೋಟಿಗೆ ಅನಿಸುತ್ತಿತ್ತು. ಕಾಗದದ ಮೇಲೆ ಆ ಸಂಖ್ಯೆ ಬಂದಾಗ ಆದ ಖುಷಿ ಈಗಲೂ ನೆನಪಿದೆ.

ಇಂಟ್ ತೆಗೆದು ಲಾಂಗ್ ಹಾಕಿದೆ, ಸರಿಹೋಯಿತು. ಆದರೆ ಇಂಥ ಎಣಿಕೆಯಲ್ಲಿ ಇನ್ನೊಂದು ಹೊಂಚು ಇದೆ. 8 ಬಿಟ್ ಚಿಪ್ ದೊಡ್ಡ ಸಂಖ್ಯೆಯನ್ನು ಒಂದೊಂದೇ ಬೈಟ್ ಓದುತ್ತದೆ. ಓದುವ ನಡುವೆ ಇಂಟರಪ್ಟ್ (ಎನ್‌ಕೋಡರ್ ಪಲ್ಸ್ ಬಂದಾಗ ಉಳಿದ ಕೋಡನ್ನು ತಡೆದು ಎಣಿಸುವ ತುಣುಕು) ಬಂದು ಎಣಿಕೆ 255ರಿಂದ 256ಕ್ಕೆ ಏರಿದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿ 511 ಅಂತ ಓದಿಕೊಳ್ಳಬಹುದು. ಗಂಟೆಗೊಮ್ಮೆ ಬರುವ, ಯಾರಿಗೂ ಹಿಡಿಯಲಾಗದ ಜರ್ಕ್ ಇದರಿಂದ ಹುಟ್ಟುತ್ತದೆ. ವೇರಿಯಬಲ್ಲಿಗೆ ವೊಲಟೈಲ್ ಎಂದು ಬರೆಯಿರಿ. ಓದುವಾಗ ಒಂದು ಕ್ಷಣ ಇಂಟರಪ್ಟ್ ನಿಲ್ಲಿಸಿ, ಇನ್ನೊಂದು ವೇರಿಯಬಲ್ಲಿಗೆ ನಕಲು ಮಾಡಿ, ಮತ್ತೆ ಬಿಡಿ.

ಯಂತ್ರಭಾಗ

ಚಕ್ರ, ಹಬ್ ಮತ್ತು ಶಾಫ್ಟ್ ಮೂರಕ್ಕೂ ಸೇರುವಂತೆ ಮಾರ್ಕರಿನಿಂದ ಒಂದು ನೇರ ಗೆರೆ ಎಳೆಯಿರಿ. ಹತ್ತು ನಿಮಿಷ ಓಡಿಸಿ. ಗೆರೆ ಮುರಿದಿದ್ದರೆ ಹಬ್ಬನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಜಾರುತ್ತಿದೆ. ಸ್ಕ್ರೂ ಶಾಫ್ಟಿನ ಚಪ್ಪಟೆ ಮುಖದ ಮೇಲೆಯೇ ಕೂತಿದೆಯೇ ನೋಡಿ, ಥ್ರೆಡ್ ಲಾಕರ್ ಒಂದು ಹನಿ ಹಾಕಿ. ಗೇರಿನ ಸಡಿಲವನ್ನು ಮೋಟರ್ ಹಿಡಿದು ಚಕ್ರವನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ ತಿಳಿಯಬಹುದು. ಅದು ಜಾಸ್ತಿ ಇದ್ದರೆ ರೋಬೋಟ್ ನಿಂತಲ್ಲೇ ಟಕಟಕ ಅನ್ನುತ್ತದೆ. ಕೋಡಿನಿಂದ ಇದು ಪೂರ್ತಿ ಹೋಗುವುದಿಲ್ಲ.

ಪಿಡಬ್ಲ್ಯುಎಂ ಚಿಕ್ಕದಿದ್ದಾಗ ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ನನ್ನದರಲ್ಲಿ 255ರಲ್ಲಿ 38ರವರೆಗೆ ಹೀಗಿತ್ತು. ರೋಬೋಟನ್ನು ನೆಲದ ಮೇಲಿಟ್ಟು, ಒಂದೊಂದೇ ಮೋಟರಿಗೆ, ಎರಡೂ ದಿಕ್ಕಿಗೆ ಈ ಮಿತಿ ಅಳೆದು ಕೋಡಿನಲ್ಲಿ ಸೇರಿಸಿ. ನಾಲ್ಕೂ ಸಂಖ್ಯೆ ಬೇರೆ ಬೇರೆ ಬರುತ್ತವೆ.

ಇನ್ನೊಂದು, ಬ್ಯಾಟರಿಯನ್ನು ಕೆಳಗೆ ಇಟ್ಟರೆ ಭದ್ರ ಅಂತ ಹಲವರು ಅಂದುಕೊಳ್ಳುತ್ತಾರೆ. ಎರಡು ಚಕ್ರದ ಮೇಲೆ ನಿಲ್ಲುವ ರೋಬೋಟಿಗೆ ಅದು ಉಲ್ಟಾ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸುವುದಕ್ಕಿಂತ ಉದ್ದ ಕೋಲು ನಿಲ್ಲಿಸುವುದು ಸುಲಭ. ತೂಕ ಮೇಲಿದ್ದರೆ ನಿಧಾನವಾಗಿ ಬೀಳುತ್ತದೆ, ಕೋಡಿಗೆ ಸಮಯ ಸಿಗುತ್ತದೆ. ಮೋಟರಿಗೆ ಬಲ ಇರುವಷ್ಟು ಮೇಲಕ್ಕೆ ಒಯ್ಯಬಹುದು.

ಈಗ ಪಿಐಡಿ

ಇಲ್ಲಿಯವರೆಗಿನದೆಲ್ಲ ಸರಿ ಇದ್ದರೆ ಟ್ಯೂನಿಂಗ್ ಒಂದು ಮಧ್ಯಾಹ್ನದ ಕೆಲಸ. ನನಗೆ ಮೂರು ತಾಸು ಹಿಡಿಯಿತು, ಆ ಒಂಬತ್ತು ದಿನಗಳ ಎದುರು.

ಮೊದಲು ಚಿಹ್ನೆ ನೋಡಿ. ಮುಂದಕ್ಕೆ ವಾಲಿಸಿದರೆ ಎರಡೂ ಚಕ್ರ ಮುಂದಕ್ಕೆ ತಿರುಗಬೇಕು. ಒಂದು ಹಿಂದಕ್ಕೆ ತಿರುಗಿದರೆ ಆ ಮೋಟರಿನ ಎರಡು ವೈರ್ ಅದಲು ಬದಲು ಮಾಡಿ, ಆಗ ಅದರ ಎನ್‌ಕೋಡರಿನ ಚಿಹ್ನೆಯನ್ನೂ ಪರೀಕ್ಷಿಸಿ. ಪಿಐಡಿಯ ಮೂರು ಸಂಖ್ಯೆಗಳಲ್ಲಿ ಪಿ ಈಗಿನ ವಾಲಿಕೆಗೆ, ಐ ಕೂಡುತ್ತ ಬಂದ ವಾಲಿಕೆಗೆ, ಡಿ ವಾಲುವ ವೇಗಕ್ಕೆ ಉತ್ತರ ಕೊಡುತ್ತದೆ. ಐ ಮತ್ತು ಡಿ ಸೊನ್ನೆ ಇಟ್ಟು ಪಿ ಏರಿಸುತ್ತ ಹೋಗಿ. ರೋಬೋಟ್ ಬೀಳದೆ ಅತ್ತಿತ್ತ ತೂಗತೊಡಗಿದರೆ ಡಿ ಸೇರಿಸಿ. ದೊಡ್ಡ, ನಿಧಾನದ ತೂಗು ಇದ್ದರೆ ಡಿ ಸಾಲದು, ಅಥವಾ ಐ ಜಾಸ್ತಿ ಆಗಿದೆ. ಸಣ್ಣ, ವೇಗದ ನಡುಕ ಇದ್ದರೆ ಡಿ ಜಾಸ್ತಿ ಆಗಿ ಸೆನ್ಸರಿನ ಗದ್ದಲವನ್ನೇ ಹಿಗ್ಗಿಸುತ್ತಿದೆ. ಝೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಕೊಟ್ಟ ಸೂತ್ರ ಪಠ್ಯದಲ್ಲಿ ಬರುತ್ತದೆ. ಅದು ತಾನಾಗಿ ಸ್ಥಿರವಾಗಿರುವ ಕಾರ್ಖಾನೆ ಪ್ರಕ್ರಿಯೆಗಳಿಗೆ ಹೊಂದುವಂಥದ್ದು. ಬಿಟ್ಟರೆ ಬೀಳುವ ಯಂತ್ರಕ್ಕೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಬೆಳಿಗ್ಗೆ ಟ್ಯೂನ್ ಮಾಡಿದ್ದು ಸಂಜೆಗೆ ಹದ ತಪ್ಪಿದರೆ ಬ್ಯಾಟರಿ ನೋಡಿ. 8.4 ವೋಲ್ಟಿನಲ್ಲಿ ಕೊಟ್ಟ ಪಿಡಬ್ಲ್ಯುಎಂ 7ರಲ್ಲಿ ಆರನೇ ಒಂದು ಭಾಗ ಕಡಿಮೆ ಬಲ ಕೊಡುತ್ತದೆ. ಎರಡು ರೆಸಿಸ್ಟರ್ ಹಾಕಿ ಬ್ಯಾಟರಿ ವೋಲ್ಟೇಜನ್ನು ಅನಲಾಗ್ ಪಿನ್ನಿಗೆ ತಂದು, ಪಿಡಬ್ಲ್ಯುಎಂ ಅನ್ನು ಅದಕ್ಕೆ ತಕ್ಕಂತೆ ಗುಣಿಸಿ.

ಡೆಮೊ ದಿನ ಕೆಟ್ಟರೆ

ಡೆಮೊಗೆ ಒಂದು ವಾರ ಮುಂಚೆ, ಎಲ್ಲ ಸರಿಯಾಗಿ ಓಡಿದ ದಿನವೇ ಒಂದೇ ಶಾಟಿನಲ್ಲಿ ವಿಡಿಯೊ ತೆಗೆದಿಡಿ, ಆ ಕೋಡಿನ ಪ್ರತಿಯನ್ನು ಬೇರೆ ಇಡಿ. ಅದರ ನಂತರ ಹೊಸ ಸೌಲಭ್ಯ ಸೇರಿಸಬೇಡಿ. ಡೆಮೊ ನಡೆಯುವ ಕೋಣೆಯ ನೆಲದ ಮೇಲೆ ಒಮ್ಮೆಯಾದರೂ ಓಡಿಸಿ ನೋಡಿ.

ಎಷ್ಟಾದರೂ ಆ ದಿನ ನಿಲ್ಲದಿದ್ದರೆ ಕೋಡ್ ತೆರೆಯಬೇಡಿ. ಬ್ಯಾಟರಿ ವೋಲ್ಟೇಜ್ ಅಳೆಯಿರಿ. ಬೀಪ್ ಬರುತ್ತದೆಯೇ ಕೇಳಿ. ಕನೆಕ್ಟರ್‌ಗಳನ್ನು ಒಂದೊಂದಾಗಿ ಒತ್ತಿ. ಮಾರ್ಕರ್ ಗೆರೆ ನೋಡಿ. ಅಲುಗಾಡಿಸದೆ ಸ್ವಿಚ್ ಮತ್ತೆ ಹಾಕಿ ಎರಡನೇ ಬೀಪಿಗೆ ಕಾಯಿರಿ. ಇಷ್ಟಕ್ಕೆ ಐದು ನಿಮಿಷ ಸಾಕು.

ರಿಪೋರ್ಟಿನಲ್ಲಿ ದೋಷಗಳನ್ನು ಮುಚ್ಚಿಡಬೇಡಿ. ನಾನು 3.4 ವೋಲ್ಟಿನ ಹಳ್ಳದ ಸ್ಕೋಪ್ ಚಿತ್ರವನ್ನೂ, ಹೋಲ್ಡರ್ ಬದಲಿಸಿದ ನಂತರದ ಚಿತ್ರವನ್ನೂ ಒಂದೇ ಪುಟದಲ್ಲಿ ಹಾಕಿದ್ದೆ. ವೈವಾದಲ್ಲಿ ಪರೀಕ್ಷಕರು ಕಂಟ್ರೋಲ್ ಥಿಯರಿಯ ಪುಟಗಳನ್ನು ಬೇಗ ಬೇಗ ತಿರುವಿ ಆ ಪುಟದಲ್ಲಿ ನಿಂತರು. ಹಳೆಯ ಹೋಲ್ಡರ್ ಬ್ಯಾಗಿನಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟೆ. ಅವರು ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ನೋಡಿ, "ಇದನ್ನ ಹೇಗೆ ಅಳೆದೆ, ತೋರಿಸು" ಅಂದರು.